ಕೂಳೆಗದ್ದೆಗೆ ಇಳಿದದ್ದು

ನಿಂತುಹೋದ ಎಂಜಿನ್ನು ನನಗೆ ಹೊಸದಲ್ಲ.
ತೆಕ್ಕಲಕೋಟೆಯ ಬಸ್‌ಸ್ಟ್ಯಾಂಡ್ ಹಿಂದಿನ ತಗಡಿನ ಶೆಡ್ಡಿನಲ್ಲಿ
ಇಪ್ಪತ್ತಾರು ವರ್ಷದಿಂದ ನಾನು ತಿನ್ನುತ್ತಿರುವುದು
ನಿಂತ ಎಂಜಿನ್ನುಗಳ ಅನ್ನವನ್ನೇ.
ಆದರೆ ಅವೆಲ್ಲ ನೆಲದ ಮೇಲೆ ನಿಂತವು.

ಆವತ್ತು ಲಿಂಗಣ್ಣಗೌಡರ ಗದ್ದೆಯ ಬದುವಿನಲ್ಲಿ
ಡೀಸೆಲ್ ಪಂಪ್‌ಸೆಟ್ಟಿನ ಮುಂದೆ ಕೂತಿದ್ದೆ.
ಸೋನಾ ಮಸೂರಿ ಕೊಯ್ದು ಹತ್ತು ದಿನ,
ಕೂಳೆ ಒಣಗಿ ನೆಲ ಬಿರಿದಿತ್ತು,
ಎರಡನೇ ಬೆಳೆಗೆ ಕಾಲುವೆಯಿಂದ ನೀರೆತ್ತಬೇಕು.
ನಾಜಲ್ ಬಿಚ್ಚಿ, ಊದಿ, ಕೂರಿಸಿ ಹ್ಯಾಂಡಲ್ ತಿರುಗಿಸಿದೆ.
ಕೆಮ್ಮಿತು. ಸುಮ್ಮನಾಯಿತು.
ಅದರ ವಂಶವನ್ನೆಲ್ಲ ಬೈದು ಮತ್ತೆ ಬಿಚ್ಚಿದೆ.

ಆಗ ನೆರಳೊಂದು ನನ್ನ ಸ್ಪ್ಯಾನರ್ ಮೇಲೆ ಹಾದುಹೋಯಿತು.

ತಲೆಯೆತ್ತಿದರೆ ಆ ಬಿಳಿ ವಿಮಾನ,
ದಿನಾ ಬೆಳಿಗ್ಗೆ ಗುಡ್ಡದಾಚೆ ಜೀರುಂಡೆಯಂತೆ ಗುಂಯ್‌ಗುಡುವುದು,
ಈಗ ಸದ್ದೇ ಇಲ್ಲ.
ಮೂಗಿನ ಫ್ಯಾನು ನೆಟ್ಟಗೆ ನಿಂತಿದೆ,
ಕರೆಂಟು ಹೋದ ಮನೆಯದರ ಹಾಗೆ.
ಕಾಲುವೆಯಾಚೆಯ ತಂತಿಯನ್ನು ಎರಡಾಳೆತ್ತರದಲ್ಲಿ ದಾಟಿ,
ಬಣವೆಗೆ ರೆಕ್ಕೆ ತಾಗೀತು ಅನ್ನುವಷ್ಟರಲ್ಲಿ ವಾಲಿ,
ಕೂಳೆಯನ್ನು ಸರಸರ ಸೀಳಿಕೊಂಡು
ಒಂದು ಬದು ಹಾರಿ, ಕುಪ್ಪಳಿಸಿ,
ಎರಡನೆಯ ಬದುವಿಗೆ ಮುಂಗಾಲಿ ಮುರಿದು
ಮೂಗೂರಿ ನಿಂತಿತು,
ನೀರಿಗೆ ಬಗ್ಗಿದ ಎತ್ತಿನಂತೆ.
ಕೊಕ್ಕರೆಗಳು ಎದ್ದವು. ಆಮೇಲೆ ಕೂತವು.

ಓಡಿದೆ. ಚಪ್ಪಲಿ ಎಲ್ಲಿ ಬಿತ್ತೋ.
ಇಳಿದವಳು ನನ್ನ ಕಿರಿಮಗಳಿಗಿಂತ ಎರಡು ವರ್ಷ ದೊಡ್ಡವಳಿದ್ದಾಳು.
ಒಬ್ಬಳೇ. ಬಿಳಿ ಅಂಗಿ, ಹೆಗಲಿಗೆ ಒಂದೇ ಪಟ್ಟಿ.
ಮೊದಲ ಮಾತು: "ಬೀಡಿ ಬಿಸಾಕಿ."
ಕಿವಿಯ ಹಿಂದೆ ಸಿಕ್ಕಿಸಿದ್ದು, ಹಚ್ಚಿರಲೇ ಇಲ್ಲ. ಆದರೂ ಬಿಸಾಕಿದೆ.
ಎರಡನೆಯದು: "ಯಾರಿಗೂ ಏನೂ ಆಗಿಲ್ಲ ಅಲ್ವಾ?"
ಮೂರನೆಯದು ಬರಲಿಲ್ಲ. ಬದುವಿನ ಮೇಲೆ ಕುಸಿದಳು.
ಕೈ ಇನ್ನೂ ಮುಷ್ಟಿಯಾಗಿಯೇ ಇತ್ತು,
ಹಿಡಿದಿದ್ದನ್ನು ಬಿಡಲು ಮರೆತಂತೆ.
ಕ್ಯಾನಿನ ನೀರು ಕೊಟ್ಟೆ. ಡೀಸೆಲ್ ವಾಸನೆ ಬರ್ತೈತೆ, ಅಂದೆ.
ಕುಡಿದಳು.

ಹೆಸರು ಫರ್ಹೀನ್. ಕಂಪ್ಲಿಯಲ್ಲಿ ತಂದೆಯ ಅಕ್ಕಿ ಗಿರಣಿ.
"ಮೇಲಿಂದ ನೋಡಿದರೆ ಗೊತ್ತಾಗುತ್ತೆ ನನಗೆ,
ಯಾವ ಗದ್ದೆ ಒಣಗೈತೆ, ಯಾವುದರಲ್ಲಿ ನೀರೈತೆ ಅಂತ."
ಆಮೇಲೆ, ಯಾರೂ ಕೇಳದಿದ್ದರೂ:
"ನಿಂತಾಗ ಕೈ ತಾನೇ ಮೇಲಕ್ಕೆ ಎಳೆಯುತ್ತೆ ಅಂಕಲ್.
ಎಳೆದರೆ ಕಲ್ಲು ಬಿದ್ದಂಗೆ ಬೀಳೋದು.
ಮೂಗು ಕೆಳಗೆ ಬಿಡಬೇಕು,
ಅರವತ್ತೈದು, ಅರವತ್ತೈದು ಅಂತ ಮುಳ್ಳನ್ನ ನೋಡ್ತಾ
ಇಳೀತಾ ಇರಬೇಕು."
ಪೆಟ್ರೋಲ್ ಉಳಿಸಲು ಗುಡ್ಡದ ಇಳಿಜಾರಿನಲ್ಲಿ
ಗಾಡಿ ಬಂದ್ ಮಾಡಿ ಬರುತ್ತೇನಲ್ಲ, ಅದೇ ಲೆಕ್ಕ
ಅನ್ನಲು ಹೋಗಿ ಬಾಯಿ ಮುಚ್ಚಿಕೊಂಡೆ.

ಬಾನೆಟ್ಟು ಬಿಚ್ಚಿ ನೋಡಲೇ? ಎಣ್ಣೆಗೆ ನೀರು ಸೇರಿರಬೇಕು.
ಬೆರಳು ತುರಿಸುತ್ತಿದ್ದವು.
"ಮುಟ್ಟಬೇಡಿ. ಸಾಹೇಬರು ಬಂದು ನೋಡೋವರೆಗೂ
ಯಾರೂ ಮುಟ್ಟಂಗಿಲ್ಲ."
ಮೆಕ್ಯಾನಿಕ್ ಹುಸೇನಪ್ಪ, ಜೀವಮಾನದಲ್ಲಿ ಮೊದಲ ಸಲ,
ಕೆಟ್ಟ ಎಂಜಿನ್ನಿನ ಪಕ್ಕ ಕೈಕಟ್ಟಿ ಕೂತ.

ಜೀಪಿನ ಧೂಳು ಕಂಡಾಗ ಎದ್ದು ನಿಂತು ಹೇಳಿದಳು:
"ನೆಲ ಮುಟ್ಟೋ ಮುಂಚೆ ಬಾಗಿಲ ಚಿಲಕ ತೆಗೀಬೇಕು, ನಿಯಮ.
ತೆಗೆದ ಕೂಡಲೇ ನಿಮ್ಮ ಪಂಪ್‌ಸೆಟ್ ಕೇಳಿಸ್ತು,
ಡುಗು ಡುಗು ಡುಗು ಅಂತ.
ಅದರ ಕಡೆಗೇ ಬಂದೆ.
ಎಷ್ಟು ಚೆನ್ನಾಗಿ ಓಡ್ತಿತ್ತು ಅದು."

ನಾನು ತಿರುಗಿ ನೋಡಿದೆ.
ನಾಜಲ್ ಪೈಪು ಹಾಗೇ ನೇತಾಡುತ್ತಿತ್ತು.
ಅದು ಓಡಿದ್ದರೆ ಬೆಳಿಗ್ಗೆಯಿಂದ ನೀರು ಹಾಯ್ದು
ಈ ಗದ್ದೆ ಮೊಣಕಾಲುದ್ದ ಕೆಸರು.
"ಹೌದಮ್ಮ," ಅಂದೆ.

ಮರುದಿನ ರೆಕ್ಕೆ ಬಿಚ್ಚಿ ಲಾರಿಯಲ್ಲಿ ಒಯ್ದರು.
ಮುರಿದ ಬದುವಿಗೆ ಗೌಡರು ಮಣ್ಣು ಹಾಕಿಸಿದರು.
ಸಂಜೆ ನಾಜಲ್ ಕೂರಿಸಿ ಹ್ಯಾಂಡಲ್ ಹೊಡೆದೆ,
ಮೂರನೆಯದಕ್ಕೆ ಹತ್ತಿಕೊಂಡಿತು.
ಸ್ವಲ್ಪ ಹೊತ್ತು ಓಡಲು ಬಿಟ್ಟು
ನಾನೇ ಬಂದ್ ಮಾಡಿದೆ.
ಕಿವಿಗೊಟ್ಟು ನಿಂತೆ.