ಬೇಕಾಗಿದ್ದಾರೆ

ಬೇಸ್ ಗಿಟಾರಿಗೆ ಒಬ್ಬರು. ಡ್ರಮ್ಮಿಗೆ ಒಬ್ಬರು,
ಅವಸರ ಮಾಡದೆ ಕಾಯಬಲ್ಲವರು.
ಸೋಲ್, ಬ್ಲೂಸ್. ಹಾಡುಗಳು ನನ್ನವೇ, ಹದಿನೇಳಿವೆ.
ದುಡ್ಡಿನ ಮಾತು ಆಮೇಲೆ.

ಇಷ್ಟು ಬರೆದು, ಹಾಳೆಯ ಬುಡವನ್ನು
ಬಾಚಣಿಗೆಯ ಹಾಗೆ ಸೀಳಿ
ಹಲ್ಲು ಹಲ್ಲಿಗೂ ನನ್ನ ನಂಬರು ಹಾಕಿ
ಶ್ರೀವ್‌ಪೋರ್ಟಿನ ಮೂರು ಲಾಂಡ್ರಿಗಳಲ್ಲಿ,
ಒಂದು ಮೀನಂಗಡಿಯಲ್ಲಿ ಅಂಟಿಸಿ ಬಂದೆ.

ಆಸ್ಪತ್ರೆಯ ಹಾಸು ಒಗೆಯುವವಳು ನಾನು, ಆರ್ನೆಟಾ ಟಿಬ್ಸ್.
ಯಾರದೋ ಜ್ವರ, ಯಾರದೋ ಹೆರಿಗೆ
ನನ್ನ ಕೈಯಲ್ಲಿ ಬಿಳಿಯಾಗುತ್ತದೆ.
ಯಂತ್ರ ತಿರುಗುವ ಲಯಕ್ಕೇ ಹಾಡು ಕಟ್ಟಿದ್ದು;
ಅದು ನಿಂತರೆ ನನ್ನ ತಾಳ ತಪ್ಪುತ್ತದೆ.
ಅದಕ್ಕೇ ಮನುಷ್ಯರು ಬೇಕು.

ಮೂರು ವಾರಕ್ಕೆ, ಮೀನಂಗಡಿಯಲ್ಲಿ
ಒಂದು ಹಲ್ಲು ಉದುರಿತ್ತು.
ಬಬಲ್ ಗಮ್ ಸುತ್ತೋಕೆ ಹರಿದಿರಬೇಕು ಅಂದಳು ಗಲ್ಲಾದವಳು.

ಮಂಗಳವಾರ ರಾತ್ರಿ ಫೋನು.
ಮುದಿ ಗಂಡಸಿನ ದನಿ, ತಗ್ಗಿಸಿ:
"ಗಿಟಾರ್ ಬರೋದಿಲ್ಲ. ಡ್ರಮ್ಮೂ ಇಲ್ಲ.
ನಲವತ್ತು ವರ್ಷ ಚರ್ಚಿನಲ್ಲಿ ಆರ್ಗನ್ ನುಡಿಸಿದವನು.
ನಮ್ಮ ಪಾಸ್ಟರಿಗೆ ಗೊತ್ತಾಗಬಾರದು.
ಭಾನುವಾರ ಬಿಟ್ಟು ಯಾವತ್ತಾದರೂ..."

ನಾನು ಆರ್ಗನ್ ಕೇಳಿರಲಿಲ್ಲವಲ್ಲ, ಎಂದೆ.

ಅವನು ಮಾತಾಡದೆ ಫೋನು ಎಲ್ಲೋ ಇಟ್ಟ.
ಕುರ್ಚಿ ಕಿರುಗುಟ್ಟಿತು.
ಆಮೇಲೆ ಒಂದೇ ಸ್ವರ, ಉದ್ದಕ್ಕೆ,
ಒದ್ದೆ ಹಾಸು ಗಾಳಿಗೆ
ತನ್ನ ಭಾರ ಬಿಚ್ಚಿದ ಹಾಗೆ.

ನಿಜ, ನಾನು ಕೇಳಿರಲಿಲ್ಲ.
ಅಡುಗೆಮನೆಯ ನೆಲದಲ್ಲೇ ಕೂತು
ಫೋನಿಗೆ ಬಾಯಿ ತೆರೆದೆ.
ಒಲೆಯ ಮೇಲೆ ಬೀನ್ಸ್ ಸೀಯುತ್ತಿತ್ತು.
ಸೀಯಲಿ.