ರೆಕ್ಕೆಯ ಆಲೆಮನೆ

ಆ ಹಳೇ ಆಟಕ್ಕೆ ಹೊಸ ಬಣ್ಣ ಬಳಿದು
ಮತ್ತೆ ಬಿಡುತ್ತಾರಂತೆ, ಶ್ರಾವಣ ಕಳೆದ ಮೇಲೆ.
ತೌಸೀಫ ಫೋನು ಮಾಡಿದಾಗ ನಾನು
ಯಾರದೋ ಮದುವೆ ಕಾರ್ಡಿನಲ್ಲಿ
'ಜ್ಯೇಷ್ಠ ಪುತ್ರಿ'ಯ ಒತ್ತು ಸರಿಮಾಡುತ್ತಿದ್ದೆ.
"ಅಕ್ಕಾ, ನೀರು ಈಗ ನೀರಿನಂಗೇ ಕಾಣ್ತದಂತೆ" ಅಂದ.

ನೀರು ಹಾಗಿರಲಿ ಕಣೋ,
ಬಾಗಿಲು ಬಿಟ್ಟಿದ್ದಾರಾ ಕೇಳು.

ಯಾವ ಬಾಗಿಲು ಅಂತ ಅವನಿಗೆ ಗೊತ್ತು.
ಹದಿನೆಂಟು ವರ್ಷದ ಹಿಂದೆ
ಮಂಡ್ಯದ ನೂರಡಿ ರಸ್ತೆಯ ಸೈಬರಿನಲ್ಲಿ
ಗಂಟೆಗೆ ಹದಿನೈದು ರೂಪಾಯಿ ಕೊಟ್ಟು
ಹಿತ್ತಲಿನಿಂದ ನುಗ್ಗಿದವರು ನಾವಿಬ್ಬರು.
ಊರು ಕಟ್ಟುವ ಆಟ. ಕೊಟ್ಟ ಸಾಮಾನೆಲ್ಲ ಯಾರದೋ ಊರಿನದು:
ಹಿಮ ಜಾರುವ ಚೂಪು ಮಾಡು, ಇಗರ್ಜಿಯ ಗಂಟೆ,
ಗೋಧಿ ಬೀಸುವ ಗಾಳಿಗಿರಣಿ.
ನಮಗೆ ಬೇಕಿದ್ದದ್ದು ಮಂಡ್ಯ.

ಅವನು ಬೀಗ ಒಡೆದ, ನಾನು ಚಿತ್ರ ಬರೆದೆ.
ಗೋಧಿ ಹೊಲ ಒಂದೇ ರಾತ್ರಿಗೆ ಕಬ್ಬಿನ ಗದ್ದೆ.
ಕುದುರೆಗೆ ಕೋಡು ಹಚ್ಚಿದೆವು, ಎತ್ತಾಯಿತು;
ಓಟ ಮಾತ್ರ ಕುದುರೆಯದೇ. ಹಳ್ಳಿಕಾರ್ ಜೋಡಿ
ನಾಗಾಲೋಟದಲ್ಲಿ ಫ್ಯಾಕ್ಟರಿಗೆ ಕಬ್ಬು ಹೊಡೆದವು.
ಗಾಳಿಗಿರಣಿ ಆಲೆಮನೆಯಾಯಿತು: ಗಾಣ, ಕೊಪ್ಪರಿಗೆ,
ಸಿಪ್ಪೆಯ ಒಲೆ, ಸೂರಿನ ಸಂದಿಯಲ್ಲಿ ಹೊಗೆ.
ಆದರೆ ರೆಕ್ಕೆಗಳಿದ್ದದ್ದು ಬೇರೆ ಪೆಟ್ಟಿಗೆಯಲ್ಲಿ,
ಆ ಪೆಟ್ಟಿಗೆಗೆ ಕೀಲಿಯೇ ಸಿಗಲಿಲ್ಲ.
ಬೆಲ್ಲ ಬೇಯುವ ಸೂರಿನ ಮೇಲೆ
ನಾಲ್ಕು ರೆಕ್ಕೆ, ಗರಗರ, ಇವತ್ತಿನವರೆಗೂ.

ಅಕ್ಷರದ ಪಾಡು ಇನ್ನೂ ಕಷ್ಟ.
ಒತ್ತು ಅಂದರೇನೆಂದೇ ಆ ಆಟಕ್ಕೆ ತಿಳಿಯದು.
ಮಂಡ್ಯ ಎಂದು ಬರೆದರೆ
ಮಂಡ ಒಂದು ಕಡೆ, ಯ ಒಂದು ಕಡೆ, ನಡುವೆ
ಕೊಕ್ಕೆಯೊಂದು ಕೊನೆ ಬಸ್ಸು ತಪ್ಪಿದವನ ಹಾಗೆ ನಿಂತಿರುತ್ತಿತ್ತು.
ಕೊನೆಗೆ ಒಂದೊಂದು ಊರ ಹೆಸರನ್ನೂ ಚಿತ್ರವಾಗಿಯೇ ಬರೆದೆ.
ಬನ್ನೂರು, ಕ್ಯಾತನಹಳ್ಳಿ ಬೇಗ ಮುಗಿದವು.
ಶ್ರೀರಂಗಪಟ್ಟಣ ಎರಡು ಸಂಜೆ ತಿಂದಿತು.

ಅದಕ್ಕೇ, ಹೊಸ ಆಟ ಮಾಡುವವರೇ,
ನಿಮ್ಮ ಭಾಷೆ ನನಗೆ ಅಷ್ಟಕ್ಕಷ್ಟೆ, ನನ್ನದರಲ್ಲೇ ಕೇಳುತ್ತೇನೆ.
ನೀರಿಗೆ ಹೊಳಪು ಕೊಡಿ, ಬೇಡ ಅನ್ನುವುದಿಲ್ಲ.
ಸುಣ್ಣ ಹೊಡೆಯುವ ಭರದಲ್ಲಿ
ಹಿತ್ತಲ ಬಾಗಿಲಿಗೆ ಇಟ್ಟಿಗೆ ಕಟ್ಟಬೇಡಿ.
ಕಳ್ಳರ ಹಾಗೆ ನುಗ್ಗಿದ್ದು ಸಾಕಾಗಿದೆ, ನೆಂಟರ ಹಾಗೆ ಬರುತ್ತೇವೆ;
ಚಿಲಕ ಎಲ್ಲಿದೆ ಎಂದು ಒಂದು ಪುಟ ಬರೆದಿಡಿ.
ನೀವು ಆಟ ತಿದ್ದಿದ ಮಾರನೆ ದಿನ
ನಾಲೆ ಏರಿ ಒಡೆದ ಬೆಳಗಿನಂತೆ ಎದ್ದು ನೋಡಿದರೆ
ಕಬ್ಬೆಲ್ಲ ಗೋಧಿ, ಎತ್ತಿಗೆ ಕೋಡಿಲ್ಲ,
ಹಾಗಾಗದಿರಲಿ.
ನಮ್ಮ ಎತ್ತನ್ನು ನಮಗೇ ಮಾರುವ ಅಂಗಡಿ ತೆರೆಯಬೇಡಿ.
ಮತ್ತೆ, ಸಾಲಿನ ಕೆಳಗೆ
ಒತ್ತು ಕಾಲು ಚಾಚುವಷ್ಟು ಜಾಗ.

ತೌಸೀಫ ಈಗ ಫ್ಯಾಕ್ಟರಿ ಅಂಗಳದಲ್ಲಿ
ಲಾರಿ ತೂಕದ ಯಂತ್ರ ರಿಪೇರಿ ಮಾಡುತ್ತಾನೆ.
ಅವನ ಮಗಳು ಜುವೇರಿಯಾ, ಒಂಬತ್ತು ವರ್ಷ,
ಅಟ್ಟದ ಕಂಪ್ಯೂಟರಿನಲ್ಲಿ ನಮ್ಮ ಊರು ನೋಡಿ ಕೇಳಿದಳಂತೆ:
"ಆಲೆಮನೆಗೆ ಯಾಕಪ್ಪ ಫ್ಯಾನು?"
"ಕೊಪ್ಪರಿಗೆ ಹತ್ರ ಸೆಕೆ ಅಲ್ವೇನವ್ವ, ಅದಕ್ಕೆ."
ಶಾಲೆಯಲ್ಲಿ 'ನಮ್ಮ ಜಿಲ್ಲೆ' ಬರೆಯಿರಿ ಎಂದಾಗ
ನಾಲ್ಕು ರೆಕ್ಕೆಯ ಆಲೆಮನೆ ಬರೆದು
ಕೆಂಪು ಗೆರೆ ಹೊಡೆಸಿಕೊಂಡು ಬಂದಳು.
ಅವಳು ಬಲು ಹಟದವಳು. ರಬ್ಬರು ಮುಟ್ಟಲಿಲ್ಲ.

ಆ ಪೆಟ್ಟಿಗೆಗೂ ಈ ಸಲ ಕೀಲಿ ಕೊಡಿ.
ರೆಕ್ಕೆ ಕಳಚುತ್ತೇವೋ ಬಿಡುತ್ತೇವೋ ಆಮೇಲಿನ ಮಾತು,
ಜುವೇರಿಯಾಳನ್ನು ಕೇಳಬೇಕು.