ಟಿಕೆಟ್ಟಿನ ಬೆನ್ನು

ಮೆಜೆಸ್ಟಿಕ್ಕಿನ ಹದಿನೇಳನೇ ಅಂಕಣದ ಪಕ್ಕ
ಮಡಚುವ ಮೇಜು, ನೀಲಿ ಕೊಡೆ, ತಬ್ರೇಜ್ ಅನ್ನೋ ಹುಡುಗ.
ಕೊರಳಿಗೆ ಟೈ, ಕಾಲಿಗೆ ಹವಾಯಿ ಚಪ್ಪಲಿ.
"ಮೇಡಂ, ಖರ್ಚು ಮಾಡಿದ್ರೆ ದುಡ್ಡು ವಾಪಸ್ ಬರುತ್ತೆ."
ನಗು ಬಂತು.
ಹದಿನಾಲ್ಕು ವರ್ಷದಿಂದ ನಾನು ಮಾಡುತ್ತಿರುವುದೂ ಅದೇ ಕಣಪ್ಪಾ,
ದುಡ್ಡು ವಾಪಸ್.

ಗಾಡಿ ಬಿಡಲು ಇನ್ನೂ ಇಪ್ಪತ್ತು ನಿಮಿಷ.
ಟೀ ಕುಡಿಯಲು ಹೋದ ಡ್ರೈವರ್ ಮುನಿವೆಂಕಟಪ್ಪ
ಟೀ ಒಂದನ್ನೇ ಕುಡಿದು ಬರುವವನಲ್ಲ.
ಕೂತೆ. ತೋರಿಸು ಅಂದೆ.

ಗಿಣಿಶಾಸ್ತ್ರದವನ ಹಾಗೆ ಮೂರು ಕಾರ್ಡು ಹರಡಿದ.
ಕಪ್ಪಗಿನದು: ಫೋನಲ್ಲಿ ತರಿಸಿಕೊಂಡರೆ ನೂರಕ್ಕೆ ಐದು.
ನಾನು ತರಿಸಿದ್ದು ಇಂಚರಳಿಗೆ ಒಂದು ಜೊತೆ ಷೂ,
ಅದೂ ಸೈಜು ಸಾಲದೆ ಹಿಂದೆ ಹೋಯಿತು.
ಕೆಂಪಗಿನದು: ಪೆಟ್ರೋಲಿಗೆ.
ನಮ್ಮ ಯಜಮಾನರ ಗಾಡಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು.
ಗ್ಯಾರೇಜಿಗೆ ಕೊಡುತ್ತಾ ಅಂದೆ. ಕೊಡಲ್ಲವಂತೆ.
ಬೂದಿ ಬಣ್ಣದ್ದು: ಏನು ಕೊಂಡರೂ ನೂರಕ್ಕೆ ಒಂದೂವರೆ.

ಬಾಯಲ್ಲೇ ಲೆಕ್ಕ ಹಾಕಿದೆ,
ಕ್ಯಾಲ್ಕುಲೇಟರ್ ಚಾಚಿದ ಅವನ ಕೈ ಹಾಗೇ ನಿಂತಿತು.
ತಿಂಗಳಿಗೆ ಹನ್ನೆರಡು ಸಾವಿರ, ಅಂದರೆ ನೂರ ಎಂಬತ್ತು;
ವರ್ಷಕ್ಕೆ ಎರಡು ಸಾವಿರದ ನೂರ ಅರವತ್ತು.
ಶುಲ್ಕ, ಅದರ ತಲೆಯ ಮೇಲೆ ಜಿಎಸ್‌ಟಿ, ಐನೂರ ಎಂಬತ್ತೊಂಬತ್ತು.
ಬಾಡಿಗೆ ಸೇರುತ್ತಾ? ಇಲ್ಲ.
ಕಾಲೇಜು ಫೀಜು? ಇಲ್ಲ.
ಯಶವಂತಪುರದಲ್ಲಿ ಈರುಳ್ಳಿ ಮಾರುವ ಕೆಂಚಮ್ಮ
ಕಾರ್ಡು ಉಜ್ಜುತ್ತಾಳಾ?
ಹನ್ನೆರಡು ಸಾವಿರ ನಾಲ್ಕಕ್ಕೆ ಇಳಿಯಿತು.
ಮತ್ತೆ ಮೊದಲಿಂದ.
ನೂರ ಮೂವತ್ತೊಂದು ರೂಪಾಯಿ. ವರ್ಷಕ್ಕೆ.

"ನೀವು ಬ್ಯಾಂಕಲ್ಲಿ ಇರಬೇಕಿತ್ತು ಮೇಡಂ."
ಬಸ್ಸಲ್ಲಿದ್ದೀನಲ್ಲಪ್ಪ.

ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಬೆನ್ನ ಮೇಲೆ ಬರೆದು ಕೊಡುತ್ತೇವೆ.
ಹದಿನಾಲ್ಕು. ಆರು. ಮೂರು, ಸುತ್ತ ಒಂದು ಗೆರೆ.
ಇಳಿಯುವಾಗ ಇಸ್ಕೊಳ್ಳಿ.
ಸಿಲ್ಕ್ ಬೋರ್ಡಿನ ನೂಕುನುಗ್ಗಲಲ್ಲಿ ಯಾರು ಇಸ್ಕೊಳ್ಳುತ್ತಾರೆ?
ಮೈ ಇಳಿಯುತ್ತದೆ, ಮೂರು ರೂಪಾಯಿ
ಬಸ್ಸಲ್ಲೇ ಮುಂದಕ್ಕೆ ಹೋಗುತ್ತದೆ.
ಕೆಲವರಿಗೆ ಕೇಳಲು ನಾಚಿಕೆ.
ಕೆಲವರು ಕೆಳಗಿನಿಂದ ಕೂಗುತ್ತಾರೆ, ಅಷ್ಟರಲ್ಲಿ ರೈಟ್ ಅಂದಿರುತ್ತೇನೆ.
ಸುಳ್ಳು ಯಾಕೆ, ಕೇಳಿಸಿಯೂ ರೈಟ್ ಅಂದಿದ್ದೇನೆ,
ಎರಡು ಸಲವೋ, ಹತ್ತು ಸಲವೋ.

ಹೋದ ಕಾರ್ತೀಕದಲ್ಲಿ ಒಬ್ಬರು ವಯಸ್ಸಾದವರು,
ಮಂಕಿ ಟೋಪಿ, ಕಂಕುಳಲ್ಲಿ ಕಣ್ಣಾಸ್ಪತ್ರೆಯ ಫೈಲು,
ನಾಲ್ಕು ದಿನದ ಹಳೆ ಟಿಕೆಟ್ ಹಿಡಿದು ಹತ್ತಿದರು.
ಬೆನ್ನ ಮೇಲೆ ಆರು. ನನ್ನದೇ ಆರು, ಬಾಲ ಉದ್ದದ್ದು.
"ನಿಮಗೋಸ್ಕರ ಮೂರು ಬಸ್ಸು ಬಿಟ್ಟೆ ತಾಯಿ."
ಕೊಟ್ಟೆ. ಎಣಿಸಿಕೊಂಡರು.
ಆಮೇಲೆ ಆ ಟಿಕೆಟ್ಟನ್ನು ನನ್ನ ಕೈಗೇ ಇಟ್ಟರು,
ಮರೆತು ಇನ್ನೊಮ್ಮೆ ಕೇಳಬಾರದಲ್ಲ ಅಂತ.

ಅದು ನೆನಪಾಗಿ ತಬ್ರೇಜನನ್ನು ಕೇಳಿದೆ:
ವಾಪಸ್ ಬರೋದು ತಾನಾಗೇ ಬರುತ್ತಾ,
ಇಲ್ಲ ಇಳಿಯುವಾಗ ನಾನೇ ಕೇಳಬೇಕಾ?

ಹಾಳೆ ತಿರುವಿದ. ಇರುವೆ ಸಾಲಿನಂಥ ಅಕ್ಷರ.
"ಪಾಯಿಂಟು ಸೇರಬೇಕು... ಆಪಲ್ಲಿ ರಿಕ್ವೆಸ್ಟ್ ಹಾಕಬೇಕು...
ಐನೂರು ಆಗೋವರೆಗೂ ಕೊಡಲ್ಲ... ಎರಡು ವರ್ಷಕ್ಕೆ ಮುಗಿದುಹೋಗುತ್ತೆ..."
ತಾನೂ ಮೊದಲ ಸಲ ಓದುವವನ ಹಾಗೆ ಓದಿದ,
ದನಿ ಸಣ್ಣದಾಗುತ್ತಾ ಹೋಯಿತು.

ಓ, ಅವರ ಬಸ್ಸಿನ ನೂಕುನುಗ್ಗಲು ಈ ಅಕ್ಷರಗಳು.

ಮುನಿವೆಂಕಟಪ್ಪ ಹಾರನ್ ಒತ್ತಿದ.
"ನಾಳೆ ಇರ್ತೀಯಾ?"
"ಟಾರ್ಗೆಟ್ ಆಗೋವರೆಗೂ ಇಲ್ಲೇ."
ಶುಲ್ಕ ಇಲ್ಲದ್ದು, ನೂರಕ್ಕೆ ಒಂದೇ ಆಗಲಿ,
ಕೇಳದೆ ಜಮಾ ಆಗೋದು ಇದ್ದರೆ ತಗೊಂಡು ಬಾ ಅಂದೆ.
ಯಂತ್ರದ ಸುರುಳಿಯಿಂದ ತುದಿ ಹರಿದು
ಬೆನ್ನ ಮೇಲೆ ಬರೆದುಕೊಟ್ಟೆ: ಒಂದು. ಸುತ್ತ ಗೆರೆ.
ಟೈ ಸರಿಸಿ ಎದೆಯ ಜೇಬಿಗಿಟ್ಟುಕೊಂಡ.

ರೈಟ್.
ಮೊದಲ ಸ್ಟಾಪಿನಲ್ಲೇ ಹದಿನೈದರ ಟಿಕೆಟ್ಟಿಗೆ
ಐನೂರರ ನೋಟು ಚಾಚಿತು ಒಂದು ಕೈ.